ಮನಸ್ಸಿನ ಕಾಯಿಲೆ ಮತ್ತು ಕಾಲೇಜು ಸೀಟು: ಮುಂಬೈ, ಪುಣೆ, ಗೋವಾದ ಕನ್ನಡ ಕುಟುಂಬಗಳಿಗೆ ಪ್ರವೇಶದ ಸಮಗ್ರ ಮಾರ್ಗದರ್ಶಿ

ಖಿನ್ನತೆ, ಬೈಪೋಲಾರ್, ಒಸಿಡಿ, ಪ್ಯಾನಿಕ್, ಸ್ಕಿಝೋಫ್ರೇನಿಯಾ: ಇವುಗಳಲ್ಲಿ ಯಾವುದಕ್ಕೋ ಮಾತ್ರೆ ತೆಗೆದುಕೊಳ್ಳುತ್ತಿರುವ ಮಗ ಅಥವಾ ಮಗಳು ಹನ್ನೆರಡನೆಯ ತರಗತಿ ಮುಗಿಸಿದಾಗ ಮನೆಯವರು ಮೊದಲು ಕೇಳುವುದು, 'ಕಾಲೇಜಿನವರಿಗೆ ಗೊತ್ತಾದರೆ ಸೀಟು ಕೊಡುತ್ತಾರೆಯೇ?' ನಮ್ಮ ದೇಶದ ಪ್ರವೇಶ ವ್ಯವಸ್ಥೆಗೆ ಈ ಪ್ರಶ್ನೆ ಅಷ್ಟಾಗಿ ಹೊಂದುವುದಿಲ್ಲ. ಎಂಎಚ್‌ಟಿ ಸಿಇಟಿ, ಜೆಇಇ, ನೀಟ್, ಸಿಯುಇಟಿ ಎಂಬ ಪ್ರವೇಶ ಪರೀಕ್ಷೆಗಳೆಲ್ಲವೂ ಅಂಕ ಮತ್ತು ರ‍್ಯಾಂಕಿನ ಮೇಲೆ ನಡೆಯುತ್ತವೆ. ಅರ್ಜಿಯಲ್ಲಿ ಕಾಯಿಲೆಯ ಕಥೆ ಬರೆಯಲು ಜಾಗವೂ ಇಲ್ಲ, ಓದುವವರೂ ಇಲ್ಲ. ಯಾರೂ ಕೇಳದೆ ಇರುವಾಗ ಹೇಳದಿದ್ದರೆ ಅದು ಸುಳ್ಳೂ ಅಲ್ಲ, ಮುಚ್ಚಿಟ್ಟಂತೆಯೂ ಅಲ್ಲ.

ಹಾಗಾದರೆ ಕಾಯಿಲೆಯ ಕಾಗದ ಎಲ್ಲಿ ಲೆಕ್ಕಕ್ಕೆ ಬರುತ್ತದೆ? ನಾಲ್ಕು ಕಡೆ: ಮೀಸಲಾತಿ ಸೀಟು, ಪ್ರವೇಶ ಪರೀಕ್ಷೆಯ ರಿಯಾಯಿತಿ, ಓದಿನ ನಡುವೆ ಬಿದ್ದ ಗ್ಯಾಪ್, ಮತ್ತು ಸೀಟು ಸಿಕ್ಕ ಮೇಲೆ ಕಾಲೇಜಿನಿಂದ ಪಡೆಯುವ ಅನುಕೂಲ. ಈ ನಾಲ್ಕರಲ್ಲಿ ನಿಮಗೆ ಬೇಕಾದದ್ದು ಯಾವುದು ಎಂದು ಮೊದಲೇ ತೀರ್ಮಾನಿಸಿ, ಅದಕ್ಕೆ ಬೇಕಾದಷ್ಟೇ ಕಾಗದ ತೋರಿಸಿ. ಇಡೀ ಫೈಲನ್ನು ಎಲ್ಲ ಕೌಂಟರಿನಲ್ಲೂ ಬಿಚ್ಚುವ ಅಗತ್ಯವಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಂ ಗೋಪ್ಯತೆಯ ಹಕ್ಕು ಕೊಡುತ್ತದೆ ನಿಜ. ಆದರೆ ಆ ಕಲಂ ಕಟ್ಟಿಹಾಕುವುದು ಚಿಕಿತ್ಸೆ ಕೊಡುವವರನ್ನು. ಪ್ರವೇಶ ವಿಭಾಗದ ಗುಮಾಸ್ತರ ಕೈಗೆ ನೀವೇ ಕೊಟ್ಟ ಝೆರಾಕ್ಸ್ ಎಲ್ಲಿಗೆ ಹೋಗುತ್ತದೆ ಎಂಬುದು ನಿಮ್ಮ ಹಿಡಿತದಲ್ಲಿ ಉಳಿಯುವುದಿಲ್ಲ. ಸಂಘ ಸಂಸ್ಥೆಗಳ ವಿದ್ಯಾರ್ಥಿವೇತನದ ಅರ್ಜಿಗೂ ಇದೇ ಮಾತು: ಅಂಕಪಟ್ಟಿ ಮತ್ತು ಆದಾಯ ಪ್ರಮಾಣಪತ್ರ ಕೇಳಿದಲ್ಲಿ ಅವೆರಡನ್ನೇ ಕೊಡಿ. ಸಮಿತಿಯಲ್ಲಿ ಕೂತವರು ಪರಿಚಯಸ್ಥರೇ ಆಗಿರುತ್ತಾರೆ.

ಮೊದಲ ಹೆಜ್ಜೆ: ನಿಮ್ಮ ತೊಂದರೆ ಕಾನೂನಿನ ಯಾವ ಹೆಸರಿನಡಿ ಬರುತ್ತದೆ

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ 21 ವಿಧದ ಅಂಗವೈಕಲ್ಯಗಳಿವೆ. 'ಮಾನಸಿಕ ಕಾಯಿಲೆ' ಅವುಗಳಲ್ಲಿ ಒಂದು. ಆಟಿಸಂ ಮತ್ತು ನಿರ್ದಿಷ್ಟ ಕಲಿಕಾ ನ್ಯೂನತೆ (ಡಿಸ್‌ಲೆಕ್ಸಿಯಾ, ಡಿಸ್‌ಗ್ರಾಫಿಯಾ ಇತ್ಯಾದಿ) ಬೇರೆ ಬೇರೆ ಹೆಸರಿನಡಿ ಇವೆ, ಅವುಗಳನ್ನು ಅಳೆಯುವ ವಿಧಾನವೂ ಬೇರೆ. ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಈ ಪಟ್ಟಿಯಲ್ಲಿ ಇಲ್ಲವೇ ಇಲ್ಲ. 'ಸೈಕಿಯಾಟ್ರಿಸ್ಟ್ ಬಳಿ ಹೋಗುತ್ತಿದ್ದೇವೆ, ಆದ್ದರಿಂದ ಕೋಟಾ ಸಿಗುತ್ತದೆ' ಎಂದುಕೊಂಡು ಬರುವವರಲ್ಲಿ ಹಲವರು ಎಡವುವುದು ಇಲ್ಲಿಯೇ.

ಮೀಸಲಾತಿಗೆ ಬೇಕಾದದ್ದು ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯ. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳು ಕನಿಷ್ಠ ಶೇ. 5 ಸೀಟು ಇಡಬೇಕು, ಗರಿಷ್ಠ ವಯಸ್ಸಿನಲ್ಲಿ 5 ವರ್ಷ ಸಡಿಲಿಕೆ ಕೊಡಬೇಕು ಎನ್ನುತ್ತದೆ 32ನೇ ಕಲಂ. ಪುಣೆಯ ಸುತ್ತಮುತ್ತಲಿನ ಅನುದಾನರಹಿತ ಖಾಸಗಿ ಕಾಲೇಜುಗಳು ನೇರವಾಗಿ ಈ ಕಲಮಿನಡಿ ಬರುವುದಿಲ್ಲ. ಅಲ್ಲಿನ ಕ್ಯಾಪ್ ರೌಂಡಿನ (ರಾಜ್ಯದ ಕೇಂದ್ರೀಕೃತ ಸೀಟು ಹಂಚಿಕೆಯ ಸುತ್ತು) ಸೀಟುಗಳಿಗೆ ಏನು ನಿಯಮ ಎಂಬುದನ್ನು ಆ ಹಂಚಿಕೆ ನಡೆಸುವ ಸಿಇಟಿ ಸೆಲ್‌ನ ಆ ವರ್ಷದ ಮಾಹಿತಿ ಪುಸ್ತಿಕೆಯಲ್ಲೇ ನೋಡಬೇಕು. ಹೋದ ವರ್ಷದ ಪುಸ್ತಿಕೆ ಪಕ್ಕದ ಮನೆಯವರದ್ದು ಸಿಕ್ಕಿತು ಎಂದು ನಂಬಿ ಕೂರಬೇಡಿ.

ಕೋಟಾ ಆರಿಸುವ ಮುನ್ನ ಇದನ್ನೂ ಯೋಚಿಸಿ: ಮೆರಿಟ್ ಪಟ್ಟಿ ವೆಬ್‌ಸೈಟಿನಲ್ಲಿ ಬರುತ್ತದೆ, ಹೆಸರಿನ ಮುಂದೆ ಮೀಸಲಾತಿ ವರ್ಗವೂ ಕಾಣಬಹುದು. ಮಗುವಿನ ಅಂಕಕ್ಕೆ ಸಾಮಾನ್ಯ ವರ್ಗದಲ್ಲೇ, ಇಲ್ಲವೇ ಕನ್ನಡ ಅಥವಾ ತುಳು ಭಾಷಾ ಅಲ್ಪಸಂಖ್ಯಾತ ದರ್ಜೆ ಇರುವ ಕಾಲೇಜಿನ ಕೋಟಾದಲ್ಲೇ ಬೇಕಾದ ಸೀಟು ಸಿಗುವ ಹಾಗಿದ್ದರೆ ದಿವ್ಯಾಂಗ (ಅಂಗವಿಕಲ) ಕೋಟಾದ ಗೊಡವೆಯೇ ಬೇಡ. ಅನುಕೂಲಗಳನ್ನು ಸೀಟು ಸಿಕ್ಕ ಮೇಲೆ ಕೇಳಿದರಾಯಿತು. ನಮ್ಮ ಮಟ್ಟಿಗೆ ಹೆಚ್ಚಿನ ಕುಟುಂಬಗಳಿಗೆ ಹೊಂದುವ ದಾರಿ ಇದೇ.

ಎರಡನೆಯ ಹೆಜ್ಜೆ: ಯುಡಿಐಡಿ ಕಾರ್ಡ್

ಕೋಟಾ ಬೇಕೇ ಬೇಕು ಎಂದಾದರೆ ಹನ್ನೆರಡನೆಯ ತರಗತಿಯ ದೀಪಾವಳಿಗೆ ಮೊದಲೇ ಕೆಲಸ ಶುರುಮಾಡಿ. ಅಂಗವೈಕಲ್ಯ ಪ್ರಮಾಣಪತ್ರ ಮತ್ತು ಯುಡಿಐಡಿ ಎಂಬ ಗುರುತಿನ ಕಾರ್ಡಿಗೆ ಅರ್ಜಿ ಹಾಕುವುದು ಕೇಂದ್ರ ಸರ್ಕಾರದ ಸ್ವಾವಲಂಬನ್ ಪೋರ್ಟಲಿನಲ್ಲಿ. ಆಧಾರ್, ವಿಳಾಸದ ದಾಖಲೆ, ಫೋಟೋ, ಸಹಿ ಅಥವಾ ಹೆಬ್ಬೆಟ್ಟು ಅಪ್‌ಲೋಡ್ ಮಾಡಿ ಆಸ್ಪತ್ರೆ ಆರಿಸಬೇಕು. ವಿಳಾಸವಿರುವ ಜಿಲ್ಲೆಯ ಆಸ್ಪತ್ರೆ ಅಥವಾ ಚಿಕಿತ್ಸೆ ಪಡೆಯುತ್ತಿರುವ ಆಸ್ಪತ್ರೆ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ಪ್ರಮಾಣಪತ್ರ ದೇಶದಾದ್ಯಂತ ಮಾನ್ಯ ಎಂದು ಕಾಯ್ದೆಯೇ ಹೇಳುವುದರಿಂದ, ಧಾರವಾಡದ ಡಿಮ್ಹಾನ್ಸ್‌ನಲ್ಲೋ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೋ ಚಿಕಿತ್ಸೆ ನಡೆಯುತ್ತಿರುವ ಮಕ್ಕಳು ಕರ್ನಾಟಕದಲ್ಲೇ ಮಾಡಿಸಿಕೊಂಡು ಡೊಂಬಿವಲಿಯಿಂದ ಅರ್ಜಿ ಹಾಕಬಹುದು. ಇಲ್ಲೇ ಮಾಡಿಸುವುದಾದರೆ ಮುಂಬೈಯಲ್ಲಿ ಜೆಜೆ, ಕೆಇಎಂ, ಸಾಯನ್, ನಾಯರ್, ಪುಣೆಯಲ್ಲಿ ಸಸೂನ್, ಗೋವಾದಲ್ಲಿ ಬಾಂಬೋಳಿಯ ಮನೋರೋಗ ಸಂಸ್ಥೆ ಐಪಿಎಚ್‌ಬಿ: ಇಲ್ಲೆಲ್ಲ ಮನೋರೋಗ ವಿಭಾಗಗಳಿವೆ. ಅಂಗವೈಕಲ್ಯ ಬೋರ್ಡ್ ಯಾವ ವಾರ ಕೂರುತ್ತದೆ ಎಂದು ಓಪಿಡಿಯಲ್ಲಿ ಕೇಳಿಕೊಂಡೇ ರಜೆ ಹಾಕಿ.

ಅಂಗವಿಕಲರ ಹಕ್ಕುಗಳ ನಿಯಮಗಳಿಗೆ 2024ರ ಅಕ್ಟೋಬರಿನಲ್ಲಿ ತಂದ ತಿದ್ದುಪಡಿಯಲ್ಲಿ ಪ್ರಮಾಣಪತ್ರ ಕೊಡುವ ಗಡುವು ಒಂದು ತಿಂಗಳಿಂದ ಮೂರು ತಿಂಗಳಿಗೆ ಏರಿತು. ಮೇ ತಿಂಗಳಲ್ಲಿ ಓಡಾಡಿದವರಿಗೆ ಜೂನ್‌ನಲ್ಲಿ ಕಾರ್ಡ್ ಬರುವುದಿಲ್ಲ. ಕಾರ್ಡಿನ ಬಣ್ಣವೂ ಗೊತ್ತಿರಲಿ: ಶೇ. 40ಕ್ಕಿಂತ ಕಡಿಮೆಯಾದರೆ ಬಿಳಿ, 40ರಿಂದ 80ರೊಳಗೆ ಹಳದಿ, 80ರಿಂದ ಮೇಲೆ ನೀಲಿ. ಬಿಳಿ ಕಾರ್ಡಿನಿಂದ ಸೀಟು ಸಿಗುವುದಿಲ್ಲ.

ಶೇಕಡಾವಾರು ಲೆಕ್ಕ ಹೇಗೆ ಎಂಬುದನ್ನು ತಿಳಿದುಕೊಂಡು ಹೋದರೆ ಅರ್ಧ ಗೊಂದಲ ತಪ್ಪುತ್ತದೆ. ಮಾನಸಿಕ ಕಾಯಿಲೆಗೆ ಬಳಸುವುದು ಐಡಿಯಾಸ್ ಎಂಬ ಮಾಪನ. ಸ್ವಂತ ಆರೈಕೆ (ಸ್ನಾನ, ಊಟ, ಬಟ್ಟೆ), ಜನರೊಂದಿಗಿನ ಒಡನಾಟ, ಮಾತುಕತೆ ಮತ್ತು ಗ್ರಹಿಕೆ, ಕೆಲಸ ಎಂಬ ನಾಲ್ಕು ವಿಷಯಗಳಿಗೆ ತಲಾ 0ಯಿಂದ 4ರವರೆಗೆ ಅಂಕ. ವಿದ್ಯಾರ್ಥಿಗೆ 'ಕೆಲಸ' ಎಂದರೆ ಓದು, ಹಾಜರಾತಿ, ಪರೀಕ್ಷೆ. ಕಳೆದ ಎರಡು ವರ್ಷಗಳಲ್ಲಿ ಎಷ್ಟು ತಿಂಗಳು ಕಾಯಿಲೆ ಕಾಡಿತು ಎಂಬುದಕ್ಕೆ ಪ್ರತ್ಯೇಕವಾಗಿ 1ರಿಂದ 4 ಅಂಕ. ಒಟ್ಟು 7 ಮುಟ್ಟಿದರೆ ಶೇ. 40ರ ಗೆರೆ ದಾಟಿದಂತೆ, 20 ಎಂದರೆ ಶೇ. 100. ಉದಾಹರಣೆಗೆ ಸ್ವಂತ ಆರೈಕೆ 1, ಒಡನಾಟ 2, ಗ್ರಹಿಕೆ 0, ಓದು 2: ಸೇರಿ 5. ಎರಡು ವರ್ಷದಲ್ಲಿ 14 ತಿಂಗಳು ಕಾಯಿಲೆ ಇದ್ದರೆ ಅದಕ್ಕೆ 3. ಒಟ್ಟು 8, ಗೆರೆ ದಾಟಿತು. ಅದೇ ಹುಡುಗನ ಹಳೆಯ ಕೇಸ್ ಪೇಪರ್ ಕಳೆದುಹೋಗಿ, ಆರು ತಿಂಗಳೊಳಗಿನ ಚಿಕಿತ್ಸೆಗೆ ಮಾತ್ರ ದಾಖಲೆ ಸಿಕ್ಕಿದರೆ 3ರ ಬದಲು 1. ಒಟ್ಟು 6, ಗೆರೆ ದಾಟಲಿಲ್ಲ. ಎರಡು ವರ್ಷದ ಚೀಟಿಗಳನ್ನು ಯಾಕೆ ಜೋಪಾನ ಮಾಡಬೇಕು ಎಂಬುದು ಇದರಿಂದಲೇ ಗೊತ್ತಾಗುತ್ತದೆ.

ಬೋರ್ಡಿಗೆ ಹೋಗುವ ದಿನ ಕೇಸ್ ಪೇಪರ್, ಪ್ರಿಸ್ಕ್ರಿಪ್ಷನ್, ಆಸ್ಪತ್ರೆಗೆ ಸೇರಿಸಿದ್ದರೆ ಡಿಸ್ಚಾರ್ಜ್ ಸಮ್ಮರಿ, ಮನಶ್ಶಾಸ್ತ್ರಜ್ಞರ ಪರೀಕ್ಷಾ ವರದಿ ಇವನ್ನೆಲ್ಲ ತಾರೀಖಿನ ಕ್ರಮದಲ್ಲಿ ಜೋಡಿಸಿ ಎರಡು ಸೆಟ್ ಇಟ್ಟುಕೊಳ್ಳಿ. ಮಗುವಿನ ದಿನಚರಿ ಬಲ್ಲ ಒಬ್ಬರು ಜೊತೆಗೆ ಇರಲೇಬೇಕು, ಏಕೆಂದರೆ ಅಂಕ ಕೊಡುವಾಗ ಮನೆಯವರ ಮಾತನ್ನೂ ಕೇಳುತ್ತಾರೆ.

ಕೆಡುವುದು ಸಾಮಾನ್ಯವಾಗಿ ಇಲ್ಲೇ. ಡಾಕ್ಟರು 'ಹೇಗಿದ್ದಾಳೆ ಮನೆಯಲ್ಲಿ?' ಎಂದು ಕೇಳುತ್ತಾರೆ. ಮರ್ಯಾದೆಗೆ ಅಂಜಿ ಅಪ್ಪ 'ಈಗ ಎಲ್ಲ ಸರಿಯಾಗಿದೆ ಡಾಕ್ಟ್ರೇ, ಏನೂ ತೊಂದರೆ ಇಲ್ಲ' ಎನ್ನುತ್ತಾರೆ. ಅಮ್ಮ ಹೊಸ ಚೂಡಿದಾರ್ ಹಾಕಿಸಿ, ತಲೆ ಬಾಚಿ ಕರೆದುಕೊಂಡು ಬಂದಿರುತ್ತಾರೆ. ನಾಲ್ಕು ದಿನ ಸ್ನಾನ ಮಾಡದೆ ಕೋಣೆಯಲ್ಲಿ ಕೂತಿದ್ದ ವಿಷಯ ಬಾಯಿಗೆ ಬರುವುದಿಲ್ಲ. ಅಂಕ ಇಳಿಯುತ್ತದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿ: ವಾರದಲ್ಲಿ ಎಷ್ಟು ದಿನ ಕಾಲೇಜಿಗೆ ಹೋದಳು, ಯಾರು ಹೇಳಿದರೆ ಊಟ ಮಾಡುತ್ತಾಳೆ, ಫೋನ್ ಎತ್ತುತ್ತಾಳೆಯೇ. ಇಲ್ಲದ್ದನ್ನು ಸೇರಿಸಲೂ ಬೇಡಿ. ಮೋಸದಿಂದ ಸೌಲಭ್ಯ ಪಡೆದರೆ ಅಂಗವಿಕಲರ ಹಕ್ಕುಗಳ ಕಾಯ್ದೆಯ 91ನೇ ಕಲಂ ಪ್ರಕಾರ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ಇನ್ನೆರಡು ಎಡವಟ್ಟುಗಳು. ಮಾನಸಿಕ ಕಾಯಿಲೆಯ ಪ್ರಮಾಣಪತ್ರವನ್ನು ಹಲವು ಬಾರಿ ತಾತ್ಕಾಲಿಕವಾಗಿ, ಮರುಪರಿಶೀಲನೆಯ ತಾರೀಖು ಹಾಕಿ ಕೊಡುತ್ತಾರೆ. ಆ ತಾರೀಖು ಕ್ಯಾಪ್ ರೌಂಡಿಗೆ ಮುಂಚೆ ಮುಗಿದರೆ ಕಾಗದ ವ್ಯರ್ಥ. ಎರಡನೆಯದು ಹೆಸರು. ಆಧಾರಿನಲ್ಲಿ ಊರ ಕಡೆಯ ರೀತಿಯಲ್ಲಿ ಇನಿಷಿಯಲ್, ಮಹಾರಾಷ್ಟ್ರ ಬೋರ್ಡಿನ ಅಂಕಪಟ್ಟಿಯಲ್ಲಿ ಮೊದಲು ಅಡ್ಡಹೆಸರು, ಆಮೇಲೆ ಸ್ವಂತ ಹೆಸರು, ಅಪ್ಪನ ಹೆಸರು. ಇದು ನಮ್ಮವರ ಮನೆಮನೆಯ ಸಮಸ್ಯೆ. ಯುಡಿಐಡಿ ಆಧಾರನ್ನು ಅನುಸರಿಸುವುದರಿಂದ, ಆಧಾರನ್ನು ಅಂಕಪಟ್ಟಿಗೆ ಹೊಂದಿಸಿಕೊಂಡ ಮೇಲೆ ಅರ್ಜಿ ಹಾಕಿ.

ಮೂರನೆಯ ಹೆಜ್ಜೆ: ಪ್ರವೇಶ ಪರೀಕ್ಷೆ

ಶೇ. 40 ದಾಟಿದವರಿಗೆ ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ ಎಂಬುದು ಕೇಂದ್ರದ ಮಾರ್ಗಸೂಚಿ. ಮೂರು ಗಂಟೆಯ ಜೆಇಇಗೆ ಒಂದು ಗಂಟೆ. ಅದನ್ನು ಅರ್ಜಿ ತುಂಬುವಾಗಲೇ ಗುರುತು ಹಾಕಿರಬೇಕು. ಪರೀಕ್ಷಾ ಕೇಂದ್ರದ ಗೇಟಿನಲ್ಲಿ ಕಾರ್ಡ್ ತೋರಿಸಿ ಕೇಳಿದರೆ ಸಿಗುವುದಿಲ್ಲ.

40ಕ್ಕಿಂತ ಕಡಿಮೆ ಇದ್ದವರಿಗೆ ಬಾಗಿಲು ಪೂರ್ತಿ ಮುಚ್ಚಿಲ್ಲ. ಬರೆಯುವುದಕ್ಕೆ ತೊಂದರೆ ಇರುವವರಿಗೆ ಬರಹಗಾರರನ್ನು ಕೊಡಲು ಶೇ. 40ರ ಷರತ್ತು ಬೇಕಿಲ್ಲ ಎಂದು 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದರ ಬೆನ್ನಿಗೆ 2022ರ ಆಗಸ್ಟ್‌ನಲ್ಲಿ ಕೇಂದ್ರದ ಮಾರ್ಗಸೂಚಿ ಬಂತು. ಅಲ್ಲಿ ಮುಖ್ಯವಾದ ಮಾತು 'ಬರೆಯುವ ತೊಂದರೆ'. ಲಿಥಿಯಂ ಅಥವಾ ವಾಲ್ಪ್ರೊಯೇಟ್ ಮಾತ್ರೆಯಿಂದ ಕೈ ನಡುಗಿ ಅಕ್ಷರ ಮೂಡದಿದ್ದರೆ ಅದನ್ನು ವೈದ್ಯರು ಸ್ಪಷ್ಟವಾಗಿ ಬರೆದುಕೊಡಬೇಕು. 'ಆತಂಕವಿದೆ' ಎಂಬ ಒಂದು ಸಾಲಿನಿಂದ ಕೆಲಸ ಆಗದು. ಅದೇ 2021ರ ನವೆಂಬರಿನಲ್ಲಿ, ಡಿಸ್‌ಗ್ರಾಫಿಯಾ ಇದ್ದ ನೀಟ್ ವಿದ್ಯಾರ್ಥಿನಿಗೆ ಹೆಚ್ಚುವರಿ ಒಂದು ಗಂಟೆ ಕೊಡದೇ ಇದ್ದದ್ದು ತಪ್ಪು ಎಂದು ಬಾಂಬೆ ಹೈಕೋರ್ಟಿನಿಂದ ಬಂದ ಮೇಲ್ಮನವಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಆದರೆ ಮರುಪರೀಕ್ಷೆಗೆ ಆದೇಶಿಸಲಿಲ್ಲ. ಆ ದಿನ ಕಳೆದುಕೊಂಡದ್ದನ್ನು ಕೋರ್ಟೂ ಪೂರ್ತಿ ಮರಳಿಸುವುದು ಕಷ್ಟ. ಹಾಗಾಗಿ ಹಾಲ್ ಟಿಕೆಟ್ ಬಂದ ದಿನವೇ ರಿಯಾಯಿತಿ ಅದರಲ್ಲಿ ನಮೂದಾಗಿದೆಯೇ ನೋಡಿ, ಇಲ್ಲದಿದ್ದರೆ ಅಂದೇ ಇಮೇಲ್ ಮಾಡಿ ಅದರ ಪ್ರತಿ ಇಟ್ಟುಕೊಳ್ಳಿ.

ಔಷಧದ ವಿಷಯ. ಬೆಳಗಿನ 9ರ ಶಿಫ್ಟ್ ಬಂದರೆ ರಾತ್ರಿ ಕ್ವೆಟಿಯಾಪಿನ್ ಅಥವಾ ಒಲಾಂಜಪಿನ್ ತೆಗೆದುಕೊಳ್ಳುವ ಮಕ್ಕಳು ತೂಕಡಿಸುತ್ತಾರೆ. ಪರೀಕ್ಷೆಗೆ ಒಂದು ತಿಂಗಳು ಇರುವಾಗ ವೈದ್ಯರನ್ನು ಕೇಳಿ ಮಾತ್ರೆಯ ಹೊತ್ತು ಹೊಂದಿಸಿಕೊಳ್ಳಿ. ಹಿಂದಿನ ರಾತ್ರಿ ನೀವಾಗಿಯೇ ಮಾತ್ರೆ ಬಿಡಿಸುವುದು ಎಲ್ಲಕ್ಕಿಂತ ಕೆಟ್ಟ ಉಪಾಯ. ಲಿಥಿಯಂ ತೆಗೆದುಕೊಳ್ಳುವವರಿಗೆ ಬಾಯಾರಿಕೆ ಹೆಚ್ಚು, ಪದೇಪದೇ ಮೂತ್ರಕ್ಕೆ ಹೋಗಬೇಕಾಗುತ್ತದೆ. ನೀರಿನ ಬಾಟಲಿ ಮತ್ತು ಶೌಚಾಲಯದ ಅನುಮತಿಯನ್ನು ಮೊದಲೇ ಬರೆದು ಕೇಳಿ.

ಎಂಬಿಬಿಎಸ್, ಹಡಗು, ವಿಮಾನ

ವೈದ್ಯಕೀಯದ ನಿಯಮ ಬೇರೆ. 2019ರ ಮಾರ್ಗಸೂಚಿಯಂತೆ ಶೇ. 40ಕ್ಕಿಂತ ಕಡಿಮೆ ಇದ್ದವರು ಸಾಮಾನ್ಯ ಸೀಟಿಗೆ ಅರ್ಹರು. ಅದಕ್ಕಿಂತ ಹೆಚ್ಚಿದ್ದವರಿಗೆ ಕಾಯಿಲೆಯನ್ನು ಅಳೆಯುವ ವಸ್ತುನಿಷ್ಠ ವಿಧಾನ ಇಲ್ಲವೆಂಬ ಕಾರಣ ಕೊಟ್ಟು ಕೋಟಾ ಶಿಫಾರಸು ಮಾಡಿರಲಿಲ್ಲ. 2024ರ ಅಕ್ಟೋಬರ್ 15ರಂದು ಮಹಾರಾಷ್ಟ್ರದ ವಿದ್ಯಾರ್ಥಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಶೇಕಡಾವಾರು ಅಂಕಿಯೊಂದನ್ನೇ ಹಿಡಿದು ಯಾರನ್ನೂ ಎಂಬಿಬಿಎಸ್‌ನಿಂದ ಹೊರಗಿಡುವಂತಿಲ್ಲ, ಅವರು ಕೋರ್ಸ್ ಮಾಡಬಲ್ಲರೇ ಎಂಬುದನ್ನು ಬೋರ್ಡ್ ನೋಡಬೇಕು ಎಂದಿತು. ಆ ಪ್ರಕರಣ ಮಾತಿನ ತೊಂದರೆಯದ್ದು, ತತ್ವ ಎಲ್ಲರಿಗೂ ಅನ್ವಯ. ನೀಟ್ ಕೋಟಾಗೆ ಗೊತ್ತುಪಡಿಸಿದ ಕೇಂದ್ರದ ಪ್ರಮಾಣಪತ್ರವೇ ಬೇಕು. ಈ ಭಾಗದಲ್ಲಿ ಹಾಜಿ ಅಲಿಯ ಅಖಿಲ ಭಾರತ ಪುನರ್ವಸತಿ ಸಂಸ್ಥೆ, ಜೆಜೆಯ ಗ್ರ್ಯಾಂಟ್ ಮೆಡಿಕಲ್ ಕಾಲೇಜು, ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜು ಇವೆ. ಮಾನಸಿಕ ಕಾಯಿಲೆಯನ್ನು ಅಲ್ಲಿ ಪರೀಕ್ಷಿಸುತ್ತಾರೆಯೇ ಎಂದು ಕೇಳಿಕೊಂಡು ಹೊರಡಿ.

ಮರ್ಚೆಂಟ್ ನೇವಿ ಮತ್ತು ಪೈಲಟ್ ತರಬೇತಿಯಲ್ಲಿ ಮಾತ್ರ ಕಾಯಿಲೆಯನ್ನು ನೇರವಾಗಿ ಕೇಳುತ್ತಾರೆ, ಮಾನ್ಯತೆ ಪಡೆದ ವೈದ್ಯರ ತಪಾಸಣೆಯೂ ಇರುತ್ತದೆ. ಅಲ್ಲಿ ಮುಚ್ಚಿಟ್ಟರೆ ಫೀಸು ಕಟ್ಟಿ ಮುಗಿದ ಮೇಲೆ ದಾರಿ ಕಡಿಯಬಹುದು. ಲಕ್ಷಗಟ್ಟಲೆ ಸಾಲ ಮಾಡುವ ಮುನ್ನ ತಪಾಸಣೆ ಮಾಡಿಸಿ.

ಗ್ಯಾಪ್ ಅಫಿಡವಿಟ್: ಒಂದು ಹಾಳೆ, ಹತ್ತು ತಪ್ಪು

ಕಾಯಿಲೆಯಿಂದ ಒಂದು ವರ್ಷ ಹೋದವರಿಗೆ ಕಾಲೇಜು ಗ್ಯಾಪ್ ಸರ್ಟಿಫಿಕೇಟ್ ಕೇಳುತ್ತದೆ. ಇದು ನೋಟರಿ ಮಾಡಿಸಿದ ಅಫಿಡವಿಟ್. ಟೈಪಿಂಗ್ ಅಂಗಡಿಯವನು 'ಕಾರಣ ಬರೀರಿ' ಎಂದಾಗ ಹೆದರಿ ಪೂರ್ತಿ ರೋಗದ ಹೆಸರು ಬರೆಸುವವರಿದ್ದಾರೆ. ಬೇಡ. ಇಷ್ಟು ಸಾಕು:

'2024ರ ಜೂನ್‌ನಿಂದ 2025ರ ಮೇವರೆಗೆ ಆರೋಗ್ಯದ ಕಾರಣದಿಂದ ನಾನು ಯಾವುದೇ ಕಾಲೇಜಿಗೆ ಸೇರಿರಲಿಲ್ಲ, ಯಾವುದೇ ಕೆಲಸದಲ್ಲಿರಲಿಲ್ಲ, ಯಾವುದೇ ಅಪರಾಧ ಪ್ರಕರಣದಲ್ಲಿ ಭಾಗಿಯಾಗಿರಲಿಲ್ಲ.'

ಎಲ್‌ಸಿಯ (ಶಾಲೆ, ಕಾಲೇಜು ಬಿಟ್ಟ ಪ್ರಮಾಣಪತ್ರ) ತಾರೀಖಿಗೂ ಅಫಿಡವಿಟ್ ಶುರುವಾಗುವ ತಾರೀಖಿಗೂ ನಡುವೆ ಖಾಲಿ ತಿಂಗಳು ಉಳಿಯಬಾರದು. ವೈದ್ಯರ ಪತ್ರ ಕೇಳಿದರೆ ಜನರಲ್ ಪ್ರಾಕ್ಟೀಷನರ್ ಕೊಟ್ಟ 'ಚಿಕಿತ್ಸೆಯಲ್ಲಿದ್ದರು, ಈಗ ಓದಲು ಯೋಗ್ಯರು' ಎಂಬ ಪತ್ರ ಹೆಚ್ಚಿನ ಕಡೆ ನಡೆಯುತ್ತದೆ. ಮಹಾರಾಷ್ಟ್ರದಲ್ಲಿ 2024ರ ಅಕ್ಟೋಬರಿನಲ್ಲಿ 100 ರೂಪಾಯಿ ಸ್ಟಾಂಪ್ 500ಕ್ಕೆ ಏರಿತು. ಸಾದಾ ಕಾಗದದ ಮೇಲೆ ಬರೆದ ಅಫಿಡವಿಟ್ ಸಾಕೇ ಎಂದು ಕಾಲೇಜಿನಲ್ಲಿ ವಿಚಾರಿಸಿದ ಮೇಲೆಯೇ ಸ್ಟಾಂಪ್ ಕೊಳ್ಳಿ.

ಸಂದರ್ಶನ, ಸ್ವವಿವರ ಪ್ರಬಂಧ, ವಿದೇಶ

ಖಾಸಗಿ ವಿಶ್ವವಿದ್ಯಾಲಯಗಳ ಸಂದರ್ಶನದಲ್ಲಿ 'ಹನ್ನೊಂದರಲ್ಲಿ ಅಂಕ ಯಾಕೆ ಕುಸಿಯಿತು?' ಎಂದು ಕೇಳುತ್ತಾರೆ. ಏನಾಯಿತು, ಏನು ಮಾಡಿದೆ, ಈಗ ಹೇಗಿದೆ: ಮೂರು ವಾಕ್ಯದಲ್ಲಿ ಮುಗಿಸಿ. 'ಆರು ತಿಂಗಳು ಆರೋಗ್ಯ ಕೆಟ್ಟಿತ್ತು. ಚಿಕಿತ್ಸೆ ಪಡೆದೆ. ಅದರ ಮುಂದಿನ ವರ್ಷದ ಅಂಕ ನಿಮ್ಮ ಮುಂದಿದೆ.' ಹೆಚ್ಚು ವಿವರ ಕೊಟ್ಟಷ್ಟೂ ಉಳಿದ ಸಂದರ್ಶನವೆಲ್ಲ ಅದರ ಸುತ್ತಲೇ ಸುತ್ತುತ್ತದೆ.

ವಿದೇಶದ ಅರ್ಜಿಯಲ್ಲಿ ಮಾತ್ರ ವಿವರಿಸಲು ಜಾಗವಿದೆ. ಹಲವು ಕಾಲೇಜುಗಳಿಗೆ ಒಂದೇ ಅರ್ಜಿ ಹಾಕುವ ಅಮೆರಿಕದ ಕಾಮನ್ ಆ್ಯಪ್‌ನಲ್ಲಿ 'ಸವಾಲುಗಳು ಮತ್ತು ಸಂದರ್ಭಗಳು' ಎಂಬ ಐಚ್ಛಿಕ ಪ್ರಶ್ನೆಗೆ 250 ಪದ ಸಿಗುತ್ತವೆ. ಅಂಕ ಕುಸಿದ ಕಾರಣವನ್ನು ಅಲ್ಲಿ ಬರೆಯಿರಿ, ಮುಖ್ಯ ಪ್ರಬಂಧವನ್ನು ಅದಕ್ಕೆ ವ್ಯಯಿಸಬೇಡಿ. ಅಲ್ಲಿನ 1973ರ ಪುನರ್ವಸತಿ ಕಾಯ್ದೆಯಡಿಯ ನಿಯಮಗಳಂತೆ, ಸಾಮಾನ್ಯವಾಗಿ ಪ್ರವೇಶಕ್ಕೆ ಮುಂಚೆ ಅಂಗವೈಕಲ್ಯದ ಬಗ್ಗೆ ಕಾಲೇಜು ವಿಚಾರಿಸುವಂತಿಲ್ಲ. ಬ್ರಿಟನ್ನಿನ ವಿಶ್ವವಿದ್ಯಾಲಯಗಳಿಗೆ ಹಾಕುವ ಯುಕಾಸ್ ಅರ್ಜಿಯಲ್ಲಿ ಮಾನಸಿಕ ಆರೋಗ್ಯದ ತೊಂದರೆಯನ್ನು ಗುರುತು ಹಾಕುವ ಆಯ್ಕೆ ಇದೆ. ಅದು ಇರುವುದು ನೆರವಿನ ಏರ್ಪಾಟಿಗೆ. 2010ರ ಸಮಾನತಾ ಕಾಯ್ದೆ ಅಲ್ಲಿ ತಾರತಮ್ಯವನ್ನು ತಡೆಯುತ್ತದೆ. ಭಾರತದ ಅರ್ಜಿಯಲ್ಲಿ ಮೌನವೇ ಲೇಸು ಎನ್ನುವ ನಾವೇ, ಯುಕಾಸ್‌ನಲ್ಲಿ ಗುರುತು ಹಾಕಿ ಎನ್ನುತ್ತೇವೆ. ಹಾಕದಿದ್ದರೆ ಸೆಪ್ಟೆಂಬರಿನಲ್ಲಿ ಅಲ್ಲಿಗೆ ಇಳಿದ ಮೇಲೆ ನೆರವಿನ ಸರದಿಯಲ್ಲಿ ಕೊನೆಗೆ ನಿಲ್ಲಬೇಕಾದೀತು.

ಸೀಟು ಸಿಕ್ಕ ಮೇಲೆ

ನಿಜವಾಗಿ ಬಾಯಿಬಿಡಬೇಕಾದ ಹೊತ್ತು ಇದು. ಮೊದಲ ಎರಡು ವಾರದೊಳಗೆ, ವರ್ಗದ ಶಿಕ್ಷಕರ ಬಳಿಗಲ್ಲ, ಕಾಲೇಜಿನ ಕೌನ್ಸೆಲರ್ ಅಥವಾ ಸಮಾನ ಅವಕಾಶ ಕೋಶದ ಬಳಿಗೆ ಹೋಗಿ. ನೂರು ಮತ್ತು ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆ ಕನಿಷ್ಠ ಒಬ್ಬ ಅರ್ಹ ಕೌನ್ಸೆಲರ್ ಇಡಬೇಕೆಂದು 2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ನಿರ್ದೇಶಿಸಿದೆ.

ಜೊತೆಗೆ ಒಯ್ಯುವ ವೈದ್ಯರ ಪತ್ರದಲ್ಲಿ ರೋಗದ ಇತಿಹಾಸಕ್ಕಿಂತ ತೊಂದರೆ ಮತ್ತು ಪರಿಹಾರ ಎದುರುಬದುರು ಇರಲಿ. ಬೆಳಗಿನ ಮಂಪರು, ಆದ್ದರಿಂದ ಮೊದಲ ಪಿರಿಯಡ್‌ನ ಹಾಜರಾತಿಯಲ್ಲಿ ಸಡಿಲಿಕೆ. ತಿಂಗಳಿಗೊಮ್ಮೆ ಓಪಿಡಿ, ಆದ್ದರಿಂದ ಆ ದಿನದ ರಜೆ. ಗುಂಪಿನ ಮುಂದೆ ಮಾತನಾಡುವಾಗ ಪ್ಯಾನಿಕ್, ಆದ್ದರಿಂದ ಪ್ರೆಸೆಂಟೇಷನ್ ಶಿಕ್ಷಕರೊಬ್ಬರ ಎದುರು ಮಾತ್ರ. ಪತ್ರಕ್ಕೆ ಆರು ತಿಂಗಳ ಅವಧಿ ಹಾಕಿಸಿ, ಸ್ವೀಕೃತಿಯ ಮೊಹರು ಪಡೆಯಿರಿ. ಮುಂಬೈ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಶೇ. 75 ಹಾಜರಾತಿಯ ಪೆಟ್ಟು ಸೆಮಿಸ್ಟರ್ ಕೊನೆಗೆ ಬೀಳುತ್ತದೆ. ಆಗ ಹಿಂದಿನ ತಾರೀಖಿನ ಮೆಡಿಕಲ್ ತಂದರೆ ಯಾರೂ ನಂಬುವುದಿಲ್ಲ; ಗೈರಾದ ವಾರವೇ ಕೊಟ್ಟ ಪತ್ರಕ್ಕೆ ಬೆಲೆ. ಎಟಿಕೆಟಿ (ಫೇಲಾದ ವಿಷಯ ಬಾಕಿ ಇಟ್ಟುಕೊಂಡೇ ಮುಂದಕ್ಕೆ ಹೋಗುವುದು) ಬಿದ್ದರೆ ಅದು ಈ ಊರಿನಲ್ಲಿ ದೊಡ್ಡ ಕಳಂಕವೇನಲ್ಲ ಎಂದು ಮನೆಯ ಹಿರಿಯರಿಗೆ ಮೊದಲೇ ಹೇಳಿಡಿ.

ನಡುರಾತ್ರಿ ಹಾಸ್ಟೆಲಿನಿಂದ ಕರೆ ಮಾಡಬೇಕಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೂ ಮಾತನಾಡುತ್ತಾರೆ. ಮರಾಠಿ ಬಾರದ ಅಮ್ಮಂದಿರಿಗೂ ಇದೇ ನಂಬರು.

ಸೇರಿದ ಮೇಲೆ ಆಗುವುದೇ ಇಲ್ಲ ಎನಿಸಿದರೆ ಬೇಗ ಬಿಡುವುದು ಮೇಲು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ಶುಲ್ಕ ಮರಳಿಕೆ ನಿಯಮದ ಲೆಕ್ಕ ಹೀಗಿದೆ: ಪ್ರವೇಶದ ಅಧಿಕೃತ ಕೊನೆಯ ದಿನಕ್ಕೆ 15 ದಿನ ಅಥವಾ ಹೆಚ್ಚು ಮುಂಚೆ ಬಿಟ್ಟರೆ ಪೂರ್ತಿ ಹಣ, ಪ್ರಕ್ರಿಯಾ ಶುಲ್ಕವಾಗಿ ಹೆಚ್ಚೆಂದರೆ ಶೇ. 5, ಅದೂ 5,000 ರೂಪಾಯಿ ಮೀರದಂತೆ ಕಡಿತ. 15 ದಿನಕ್ಕಿಂತ ಕಡಿಮೆ ಇರುವಾಗ ಶೇ. 90. ಕೊನೆಯ ದಿನ ಕಳೆದು 15 ದಿನದೊಳಗೆ ಶೇ. 80, 30 ದಿನದೊಳಗೆ ಶೇ. 50, ಆಮೇಲೆ ಏನೂ ಇಲ್ಲ. ಆ ವರ್ಷಕ್ಕೆ ಯುಜಿಸಿ ಬೇರೆ ಸುತ್ತೋಲೆ ಹೊರಡಿಸಿದ್ದರೆ ಅದನ್ನು ನೋಡಿ. ಮೂಲ ಅಂಕಪಟ್ಟಿ, ಎಲ್‌ಸಿಗಳನ್ನು ಸಂಸ್ಥೆ ಒತ್ತೆ ಇಟ್ಟುಕೊಳ್ಳುವಂತಿಲ್ಲ.

ಕಾಯಿಲೆಯ ಕಾರಣಕ್ಕೆ ಸೀಟು ಅಥವಾ ಅನುಕೂಲ ನಿರಾಕರಿಸಿದರೆ, ಬಾಯಿಮಾತಿನಲ್ಲಿ ಜಗಳವಾಡದೆ 'ಕಾರಣವನ್ನು ಲಿಖಿತವಾಗಿ ಕೊಡಿ' ಎಂದು ಇಮೇಲ್ ಹಾಕಿ. ಹಲವು ಪ್ರಕರಣಗಳು ಅಲ್ಲೇ ಮೆತ್ತಗಾಗುತ್ತವೆ. ಇಲ್ಲವಾದರೆ ಸಂಸ್ಥೆಯ ಕುಂದುಕೊರತೆ ಅಧಿಕಾರಿ, ಅದರ ಮೇಲೆ ರಾಜ್ಯದ ದಿವ್ಯಾಂಗ ಆಯುಕ್ತರು. ಮಹಾರಾಷ್ಟ್ರದ ಆಯುಕ್ತಾಲಯ ಪುಣೆಯಲ್ಲಿದೆ, ಗೋವಾಕ್ಕೆ ಬೇರೆ ಇದೆ. ದೂರಿನೊಂದಿಗೆ ಅರ್ಜಿಯ ಪ್ರತಿ, ಯುಡಿಐಡಿ ಅಥವಾ ವೈದ್ಯರ ಪತ್ರ, ಸಂಸ್ಥೆಯ ಉತ್ತರ ಮತ್ತು ತಾರೀಖುಗಳ ಒಂದು ಪುಟದ ಪಟ್ಟಿ ಲಗತ್ತಿಸಿ. ಕ್ಯಾಪ್ ರೌಂಡ್ ನಡೆಯುತ್ತಿದ್ದರೆ ಅದನ್ನು ಮೊದಲ ಸಾಲಿನಲ್ಲೇ ಬರೆದು, ಮುಂದಿನ ರೌಂಡಿನ ತಾರೀಖನ್ನೂ ಸೇರಿಸಿ ತುರ್ತು ಆದೇಶ ಕೋರಿ.